ಮೈದಾ ಚೀಲ ಎತ್ತುವವನಿಗೆ ಪರೀಕ್ಷೆ ಯಾಕೆ?

ಹಳೇ ಹುಬ್ಬಳ್ಳಿಯ ಒಂದು ಮನೆ. ಮಗನ ನಿಕಾಹ್ ಆಗಿ ಏಳು ವರ್ಷವಾಯಿತು, ಮಕ್ಕಳಿಲ್ಲ. ಸೊಸೆಯ ಹೆಸರಿನಲ್ಲಿ ದಪ್ಪನೆಯ ಒಂದು ಫೈಲು ಇದೆ. ಅದರಲ್ಲಿ ಥೈರಾಯ್ಡ್ ವರದಿ, ಸಕ್ಕರೆ ವರದಿ, ಲೆಕ್ಕವಿಲ್ಲದಷ್ಟು ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌-ರೇ, ಕೊನೆಗೊಂದು ದುರ್ಬೀನು ಪರೀಕ್ಷೆ ಎಲ್ಲವೂ ಇವೆ. ಫೈಲಿಗೆ ಸೇರದೆ ಉಳಿದದ್ದು ಕೊರಳಿನ ತಾವೀಜು ಮತ್ತು ನೆರೆಹೊರೆಯವರ ಮಾತು. ಗಂಡನ ವರದಿ ಎಲ್ಲಿ ಎಂದು ಕೇಳಿದರೆ ಅತ್ತೆಗೆ ಆಶ್ಚರ್ಯ. “ನಮ್ಮ ಹುಡುಗಗ ಏನಾಗೇತ್ರಿ? ದಿನಾ ಐವತ್ತು ಕೆಜಿ ಮೈದಾ ಚೀಲ ಒಬ್ಬನ ಎತ್ತತಾನ.”

ಹುಡುಗ ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ದಿನಕ್ಕೆ ಹತ್ತು ತಾಸು ಭಟ್ಟಿಯ ಮುಂದೆ ನಿಲ್ಲುತ್ತಾನೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಈ ಮನೆ ನಿಮಗೂ ಗೊತ್ತಿರುವ ಮನೆಯೇ ಆಗಿರಬಹುದು. ನಿಮ್ಮ ಮೊಹಲ್ಲಾದಲ್ಲೇ ಇರಬಹುದು. ಅತ್ತೆ ಕೆಟ್ಟವರಲ್ಲ, ಸೊಸೆಗಾಗಿ ಅವರೇ ರೋಜಾ ಹಿಡಿದು ದುಆ ಮಾಡಿದ್ದಾರೆ. ಅವರ ತಲೆಯಲ್ಲಿರುವ ಲೆಕ್ಕವೊಂದೇ ತಪ್ಪು. ತೋಳಿನಲ್ಲಿ ಕಸುವು, ಮುಖದಲ್ಲಿ ದಾಡಿ, ಧ್ವನಿಯಲ್ಲಿ ಗಡಸು ಇದ್ದರೆ ಗಂಡಸ್ತನ ಪೂರ್ತಿ, ಅದು ಪೂರ್ತಿ ಇದ್ದರೆ ಮಕ್ಕಳಾಗದಿರುವುದಕ್ಕೆ ಕಾರಣ ಹೆಣ್ಣೇ. ಈ ಲೆಕ್ಕವನ್ನು ನಾವು ಹಿರಿಯರಿಂದ ಕಲಿತಿದ್ದೇವೆ. ದೇಹ ಇದನ್ನು ಕಲಿತಿಲ್ಲ.

ದೇಹದ ಲೆಕ್ಕ ಹೀಗಿದೆ. ವೃಷಣದೊಳಗೆ ಎರಡು ಕೆಲಸಗಳು ಬೇರೆ ಬೇರೆ ಜಾಗದಲ್ಲಿ ನಡೆಯುತ್ತವೆ. ಸಣ್ಣ ಸಣ್ಣ ನಳಿಕೆಗಳಲ್ಲಿ ವೀರ್ಯಾಣುಗಳು ತಯಾರಾಗುತ್ತವೆ. ಆ ನಳಿಕೆಗಳ ನಡುವಿನ ಸಂದಿಯಲ್ಲಿರುವ ಬೇರೆ ಜೀವಕೋಶಗಳು ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ತಯಾರಿಸುತ್ತವೆ. ದಾಡಿ, ದನಿ, ತೋಳು, ಆಸೆ ಎಲ್ಲವೂ ಈ ಎರಡನೆಯದರ ಕೆಲಸ. ಮೊದಲನೆಯದು ಪೂರ್ತಿ ನಿಂತುಹೋದರೂ ಎರಡನೆಯದು ಎಂದಿನಂತೆ ನಡೆಯಬಹುದು. ಅಂದರೆ ಪೈಲ್ವಾನನಂಥ ಮೈಯಿದ್ದು, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದವನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ವೀರ್ಯದ ಬಹುಪಾಲು ನೀರಿನಂಶ ವೃಷಣದಿಂದ ಬರುವುದೇ ಇಲ್ಲ. ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುತ್ತದೆ. ಹಾಗಾಗಿ ಕಣ್ಣಿನಿಂದ ನೋಡಿ ಏನೂ ತಿಳಿಯದು, ಸೂಕ್ಷ್ಮದರ್ಶಕವೇ ಬೇಕು.

ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಡೆಯ ಕಾರಣವೂ ಇರುತ್ತದೆ; ಕೆಲವು ಕಡೆ ಅದೊಂದೇ ಕಾರಣ. ಹೀಗಿದ್ದೂ ಹೆಂಡತಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯೊಳಗೆ ದುರ್ಬೀನು ಹಾಕಿಸಲು ಒಪ್ಪುವ ಮನೆ, ಗಂಡ ಒಂದು ಡಬ್ಬಿಯಲ್ಲಿ ಮಾದರಿ ಕೊಡಲು ಒಪ್ಪುವುದಿಲ್ಲ. ಸೂಜಿಯೂ ಚುಚ್ಚದ ಪರೀಕ್ಷೆ ಅದು. ಚುಚ್ಚುವುದು ಹೆಸರಿಗೆ ಮಾತ್ರ.

ಹೆಣ್ಣುಮಕ್ಕಳೇ ಹುಟ್ಟುತ್ತಾರೆ ಎಂದು ಸೊಸೆಯನ್ನು ದೂರುವವರಿಗೂ ಇಲ್ಲೇ ಒಂದು ಮಾತು. ತಾಯಿಯ ಅಂಡದಲ್ಲಿ ಎಕ್ಸ್ ಮಾತ್ರ ಇರುತ್ತದೆ. ಎಕ್ಸ್ ಅಥವಾ ವೈ ಬರುವುದು ತಂದೆಯಿಂದ. ಗರ್ಭದಲ್ಲಿ ಮೊದಲ ಆರು ವಾರ ಗಂಡು ಭ್ರೂಣವೂ ಹೆಣ್ಣು ಭ್ರೂಣವೂ ನೋಡಲು ಒಂದೇ ತರಹ ಇರುತ್ತವೆ. ಆಮೇಲೆ ವೈ ವರ್ಣತಂತುವಿನ ಒಂದು ಪುಟ್ಟ ವಂಶವಾಹಿ ಕೆಲಸ ಶುರು ಮಾಡಿ ವೃಷಣ ರೂಪುಗೊಳ್ಳುತ್ತದೆ. ಎಸ್‌ಆರ್‌ವೈ ಎಂಬ ಆ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ.

ಕಿರಾನಾ ದನಿ

ಧ್ವನಿಯ ಗಡಸನ್ನು ನಂಬುವವರಿಗೆ ನಮ್ಮ ಊರಿನದೇ ಒಂದು ಪಾಠವಿದೆ. ಗಂಗೂಬಾಯಿ ಹಾನಗಲ್ 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರಲ್ಲಿ ಇಲ್ಲೇ ತೀರಿಕೊಂಡರು. ಎಳೆಯ ವಯಸ್ಸಿನ ಅವರ ಗ್ರಾಮಫೋನ್ ತಟ್ಟೆಗಳಲ್ಲಿರುವುದು ತೆಳುವಾದ ಏರುದನಿ. ಮುಂದೆ ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ಗಡಸಾಗಿ ಇಳಿಯಿತು. ರೇಡಿಯೋದಲ್ಲಿ ಮೊದಲ ಸಲ ಕೇಳುವವರು ಯಾರೋ ಗಂಡಸು ಹಾಡುತ್ತಿದ್ದಾನೆ ಎಂದುಕೊಳ್ಳುವಷ್ಟು. ಆ ದನಿಯಲ್ಲೇ ಹಾಡಿ 2002ರಲ್ಲಿ ಪದ್ಮವಿಭೂಷಣ ಪಡೆದರು. ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಯಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದವರು. ಆ ಗುರುವಿನ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನ್. ತೆಳು, ಮಧುರ ಕಂಠಕ್ಕೆ ದೇಶವೇ ತಲೆದೂಗಿತ್ತು. ಒಂದೇ ಮನೆತನದ ಗಾಯನದಲ್ಲಿ ಗಂಡಸಿನ ಕಂಠ ತೆಳು, ಹೆಂಗಸಿನ ಕಂಠ ಗಡಸು. ಧಾರವಾಡದ ಶ್ರೋತೃಗಳು ಯಾರ ಗಂಡಸ್ತನವನ್ನೂ ಅಳೆಯಲು ಹೋಗಲಿಲ್ಲ, ಸ್ವರ ಸರಿಯಿದೆಯೇ ಎಂದಷ್ಟೇ ನೋಡಿದರು.

ಆದರೆ ಅದೇ ನಾವು, ಮನೆಯಲ್ಲಿ ಹದಿಮೂರರ ಹುಡುಗ ಫೋನೆತ್ತಿ ಹಲೋ ಎಂದಾಗ ಆ ಕಡೆಯವರು “ಅಮ್ಮಿಗೆ ಕೊಡಮ್ಮಾ” ಎಂದರೆ ಸುತ್ತ ಕೂತು ನಗುತ್ತೇವೆ. ಹರೆಯದಲ್ಲಿ ಟೆಸ್ಟೊಸ್ಟೆರಾನ್ ಏರಿದಾಗ ಗಂಟಲಿನ ಗೂಡು ದೊಡ್ಡದಾಗುತ್ತದೆ, ದನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಒಡೆಯುತ್ತದೆ. ಯಾವ ಹುಡುಗನಿಗೆ ಯಾವಾಗ ಎಂಬುದಕ್ಕೆ ದೊಡ್ಡ ಅಂತರವಿದೆ. ಒಂಬತ್ತಕ್ಕೆ ಹರೆಯದ ಬದಲಾವಣೆ ಶುರುವಾಗುವವರೂ ಇದ್ದಾರೆ, ಹದಿನಾಲ್ಕಕ್ಕೆ ಶುರುವಾಗುವವರೂ ಇದ್ದಾರೆ, ಇಬ್ಬರೂ ಸರಿಯೇ. ಹದಿನಾಲ್ಕು ತುಂಬಿದ ಮೇಲೂ ಯಾವ ಬದಲಾವಣೆಯೂ ಕಾಣದಿದ್ದರೆ ವೈದ್ಯರಿಗೆ ತೋರಿಸಿ. ದೇಹವೆಲ್ಲ ಬೆಳೆದು ದನಿ ಮಾತ್ರ ಮಗುವಿನದಾಗಿಯೇ ಉಳಿದರೆ ಅದಕ್ಕೆ ದನಿ ತರಬೇತಿಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಬಹುತೇಕ ಹುಡುಗರು ಔಷಧಿಯಿಲ್ಲದೆ, ಕೆಲವೇ ವಾರಗಳ ಅಭ್ಯಾಸದಿಂದ ಸರಿಹೋಗುತ್ತಾರೆ.

ಇನ್ನೊಂದನ್ನು ಹುಡುಗರು ಯಾರಿಗೂ ಹೇಳುವುದಿಲ್ಲ. ಹರೆಯದಲ್ಲಿ ಸುಮಾರು ಅರ್ಧದಷ್ಟು ಹುಡುಗರ ಎದೆಯ ತೊಟ್ಟಿನ ಕೆಳಗೆ ಗಂಟಿನಂತೆ ಸ್ವಲ್ಪ ಊತ ಬರುತ್ತದೆ. ಹಾರ್ಮೋನುಗಳ ಏರುಪೇರು ಅದು, ಹೆಚ್ಚಿನವರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಹುಡುಗ ಉರಿಬಿಸಿಲಿನಲ್ಲೂ ದಪ್ಪ ಅಂಗಿ ಬಿಚ್ಚುವುದಿಲ್ಲ, ಈಜಲು ಬರುವುದಿಲ್ಲ ಎಂದರೆ ಬೈಯುವ ಮುಂಚೆ ಅಬ್ಬಾ ಒಬ್ಬರೇ ಕೂತು ಕೇಳಿ ನೋಡಿ. ಹೆಂಗಸರ ದೇಹದಲ್ಲೂ ಟೆಸ್ಟೊಸ್ಟೆರಾನ್ ಇದೆ, ಗಂಡಸರ ದೇಹದಲ್ಲೂ ಈಸ್ಟ್ರೋಜನ್ ಇದೆ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ.

ತಾಲೀಮಿನಿಂದ ಜಿಮ್ಮಿಗೆ

ನಮ್ಮ ಕಡೆ ಗರಡಿಮನೆಗೆ ತಾಲೀಮು ಎನ್ನುತ್ತೇವೆ. ಅರಬಿಯ ತಾಲೀಮ್ ಎಂದರೆ ಶಿಕ್ಷಣ. ಕೆಂಪು ಮಣ್ಣಿನಲ್ಲಿ ಹೊರಳುವುದೂ ಒಂದು ಶಿಕ್ಷಣ ಎಂದು ಹಿಂದಿನವರು ತಿಳಿದಿದ್ದರು. ಅಲ್ಲಿ ಹಿಂದೂ ಹುಡುಗನೂ ಮುಸ್ಲಿಂ ಹುಡುಗನೂ ಒಬ್ಬನೇ ವಸ್ತಾದನ ಕೈಕೆಳಗೆ ಬೈಠಕ್ ಹೊಡೆಯುತ್ತಿದ್ದರು. ಹಾಲು, ಬಾದಾಮಿ, ತುಪ್ಪ, ಬೇಗ ಮಲಗುವುದು, ನಸುಕಿನಲ್ಲಿ ಏಳುವುದು. ಮೈ ಬೆಳೆಯಲು ವರ್ಷಗಟ್ಟಲೆ ಹಿಡಿಯುತ್ತಿತ್ತು. ಗೆದ್ದು ಬೀಗುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂಬ ಪ್ರವಾದಿವರ್ಯರ(ಸ) ಮಾತಿನ ಸಾರ ಕುಸ್ತಿಯ ಹೋಲಿಕೆಯಲ್ಲೇ ಬಂದಿದೆ ಎಂಬುದು ನಿಮಗೆ ಗೊತ್ತಿರುತ್ತದೆ.

ಈಗ ಹುಡುಗರಿಗೆ ಮೂರು ತಿಂಗಳಲ್ಲಿ ಮೈ ಬೇಕು, ಅದೂ ಅಣ್ಣನ ಶಾದಿಯ ಫೋಟೋದೊಳಗೆ. ಜಿಮ್ಮಿಗೆ ಹೋಗುವುದು ಒಳ್ಳೆಯದೇ. ಭಯವಿರುವುದು ಜಿಮ್ಮಿನ ಮೂಲೆಯಲ್ಲಿ, “ಏನೂ ಆಗಲ್ಲ ಭಾಯಿ, ಎಲ್ಲಾರೂ ತಗೊಂತಾರ” ಎಂದು ಕೊಡುವ ಇಂಜೆಕ್ಷನ್ನಿಗೆ. ಅದು ಪ್ರೋಟೀನ್ ಅಲ್ಲ, ಟೆಸ್ಟೊಸ್ಟೆರಾನ್ ಅಥವಾ ಅದರ ಜಾತಿಯ ಸ್ಟಿರಾಯ್ಡ್. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ.

ಇಲ್ಲಿ ದೇಹದ ವ್ಯವಸ್ಥೆ ಸ್ವಲ್ಪ ವಿಚಿತ್ರವಾಗಿದೆ, ತಾಳ್ಮೆಯಿಂದ ಓದಿ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಎಷ್ಟು ಟೆಸ್ಟೊಸ್ಟೆರಾನ್ ಇದೆ ಎಂದು ಸದಾ ನೋಡುತ್ತಿರುತ್ತದೆ. ಕಡಿಮೆಯಾದರೆ ವೃಷಣಕ್ಕೆ ‘ತಯಾರಿಸು’ ಎಂದು ಹಾರ್ಮೋನಿನ ಮೂಲಕ ಆಜ್ಞೆ ಕಳಿಸುತ್ತದೆ. ಹೊರಗಿನಿಂದ ಚುಚ್ಚಿಸಿಕೊಂಡರೆ ಮಾಲು ಬೇಕಾದಷ್ಟಿದೆ ಎಂದು ತಿಳಿದು ಆಜ್ಞೆಯನ್ನು ನಿಲ್ಲಿಸಿಬಿಡುತ್ತದೆ. ಆಜ್ಞೆ ನಿಂತರೆ ವೃಷಣ ತನ್ನ ಎರಡೂ ಕೆಲಸ ನಿಲ್ಲಿಸುತ್ತದೆ, ಕ್ರಮೇಣ ಕುಗ್ಗುತ್ತದೆ. ತೋಳು ದಪ್ಪವಾಗುತ್ತಾ ಹೋದಂತೆ ವೀರ್ಯಾಣು ಕಡಿಮೆಯಾಗುತ್ತಾ ಹೋಗುತ್ತದೆ. ಇದು ಎಷ್ಟು ಖಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಇದೇ ಟೆಸ್ಟೊಸ್ಟೆರಾನ್ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ ನೋಡಿತ್ತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 7 ದೇಶಗಳ 271 ಆರೋಗ್ಯವಂತ ಗಂಡಸರು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಂಡರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯಾಣು ಸಂಖ್ಯೆ ಸೊನ್ನೆಗೆ ಇಳಿಯಿತು. ಗಂಡಸಾಗಿ ಕಾಣಲೆಂದು ನಮ್ಮ ಹುಡುಗ ಚುಚ್ಚಿಸಿಕೊಳ್ಳುತ್ತಿರುವುದು ಇದನ್ನೇ.

ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಮರಳುತ್ತದೆ, ಆದರೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹಿಡಿಯುತ್ತವೆ. ನಡುವೆ ಮಂಕು, ಸಿಡುಕು, ಆಸಕ್ತಿ ಇಲ್ಲದಿರುವುದು ಕಾಡುತ್ತದೆ. ಆಗ ಮತ್ತೆ ಚುಚ್ಚಿಸಿಕೊಳ್ಳುವವರೇ ಹೆಚ್ಚು. ಮಗನ ಬೆನ್ನಿನ ಮೇಲೆ ಇದ್ದಕ್ಕಿದ್ದಂತೆ ಮೊಡವೆ ತುಂಬಿದ್ದರೆ, ಎದೆ ಊದಿದ್ದರೆ, ಸಿಟ್ಟು ಮಿತಿಮೀರಿದ್ದರೆ, ಮೂರು ತಿಂಗಳಲ್ಲಿ ಅಂಗಿಯ ಅಳತೆ ಎರಡು ಸಲ ಬದಲಾಗಿದ್ದರೆ ವಿಚಾರಿಸಿ. ಒಮ್ಮೆಲೇ ತಾನೇ ನಿಲ್ಲಿಸುವುದಕ್ಕಿಂತ ವೈದ್ಯರ ಮುಂದೆ ಎಲ್ಲವನ್ನೂ ಬಾಯಿಬಿಡುವುದು ಮೇಲು.

ತಾಲೀಮಿನ ಕಾಲದ ಇನ್ನೊಂದು ನಂಬಿಕೆ ಮಾತ್ರ ಇಂದಿಗೂ ಹುಡುಗರ ನಿದ್ದೆ ಕೆಡಿಸುತ್ತಿದೆ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ಧಾತು ಆಗುತ್ತದೆ, ಅದು ಹೋದರೆ ಶಕ್ತಿಯೇ ಹೋಯಿತು ಎಂಬ ನಂಬಿಕೆ ಅದು. ಬಸ್ ನಿಲ್ದಾಣದ ಹತ್ತಿರದ ಗೋಡೆಗಳ ಮೇಲೆ, ಮೂತ್ರಾಲಯದ ಒಳಗೆ, ರೈಲು ಹಳಿಯ ಪಕ್ಕ ‘ಗುಪ್ತ ರೋಗ’ದ ಜಾಹೀರಾತುಗಳು ಬದುಕಿರುವುದು ಈ ಒಂದು ಹನಿಯ ಮೇಲೆ. ನಿದ್ದೆಯಲ್ಲಿ ಸ್ಖಲನವಾದರೆ ಮೈ ತೂಕ ಇಳಿಯುವುದಿಲ್ಲ, ನೆನಪು ಕುಂದುವುದಿಲ್ಲ, ಮುಂದೆ ಮದುವೆಗೆ ತೊಂದರೆಯಾಗುವುದಿಲ್ಲ. ನಮ್ಮ ಶರೀಅತ್ ಕೂಡ ಅದನ್ನು ಪಾಪವೆಂದಾಗಲಿ ರೋಗವೆಂದಾಗಲಿ ಹೇಳಿಲ್ಲ. ಗುಸ್ಲ್ ಮಾಡಿ ನಮಾಝಿಗೆ ಹೋಗು, ಅಷ್ಟೇ. ಈ ಭಯದಿಂದಲೇ ಸುಸ್ತು, ನಿದ್ರಾಹೀನತೆ, ಎದೆಬಡಿತ ಬರುವುದನ್ನು ಗುರುತಿಸಿ 1960ರಲ್ಲಿ ಡಾ. ಎನ್.ಎನ್. ವಿಗ್ ಎಂಬ ಭಾರತೀಯ ಮನೋವೈದ್ಯರು ಅದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ನಂಬಿಕೆಯೊಂದು ದೇಹಕ್ಕೆ ಹೇಗೆ ಕಾಯಿಲೆ ತರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಕಾಯಿಲೆ ನಿಜ, ಕಾರಣ ಮಾತ್ರ ಬೇರೆ. ಲಾಡ್ಜಿನಲ್ಲಿ ತಿಂಗಳಿಗೊಮ್ಮೆ ಕೂರುವ ವೈದ್ಯನ ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು ಜಿಲ್ಲಾ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ ಇರುವ ‘ಸ್ನೇಹ ಕ್ಲಿನಿಕ್’ಗೆ ಕಳಿಸಿ. ಅಲ್ಲಿ ಹಣವಿಲ್ಲದೆ ಮಾತಾಡುತ್ತಾರೆ.

“ಮರದ್ ಹೋಕೊ ರೋತಾ ಕ್ಯಾ?” ಎಂಬ ಮಾತು ನಮ್ಮ ಮನೆಗಳಲ್ಲಿ ಮೂರು ವರ್ಷದ ಮಗು ಬಿದ್ದಾಗಲೇ ಶುರುವಾಗುತ್ತದೆ. ಪ್ರವಾದಿವರ್ಯರು(ಸ) ಪುಟ್ಟ ಮಗ ಇಬ್ರಾಹೀಮರ ಮರಣಕಾಲದಲ್ಲಿ ಎಲ್ಲರೆದುರು ಕಣ್ಣೀರು ಹಾಕಿದ್ದರು, ಮನೆಯಲ್ಲಿ ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು ಎಂಬುದನ್ನು ಜುಮಾದಲ್ಲಿ ಕೇಳಿ ಬಂದವರೇ ಈ ಮಾತನ್ನೂ ಆಡುತ್ತೇವೆ. ನೋವನ್ನು ಹೇಳಬಾರದೆಂದು ಕಲಿತ ಹುಡುಗ ದೊಡ್ಡವನಾಗಿ ಸಾಲದ ಬಗ್ಗೆ ಹೇಳುವುದಿಲ್ಲ, ಎದೆನೋವಿನ ಬಗ್ಗೆ ಹೇಳುವುದಿಲ್ಲ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,64,033 ಜನರಲ್ಲಿ 1,18,979 ಮಂದಿ ಗಂಡಸರು. ಧಾರವಾಡದ ಡಿಮ್ಹಾನ್ಸ್‌ಗೆ ಹೋಗುವುದನ್ನು ಇನ್ನೂ ಬೈಗುಳವಾಗಿ ಬಳಸುವ ಊರು ನಮ್ಮದು. ಅಲ್ಲಿಗೆ ಹೋಗಲು ನಾಚಿಕೆಯಾದರೆ 14416ಕ್ಕೆ ಕರೆ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸೇವೆ ಅದು, ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಬೇಕಿಲ್ಲ.

ಮಗುವನ್ನು ಎತ್ತಿ ಆಡಿಸುವ ಗಂಡಸು ಮೆತ್ತಗಾಗುತ್ತಾನೆ ಎಂದು ನಗುವವರಿದ್ದಾರೆ. ಒಂದರ್ಥದಲ್ಲಿ ನಿಜ. ಫಿಲಿಪ್ಪೀನ್ಸ್‌ನ ಸೆಬು ಎಂಬಲ್ಲಿ 624 ಯುವಕರನ್ನು ಹಲವು ವರ್ಷ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತಂದೆಯಾದವರ ಟೆಸ್ಟೊಸ್ಟೆರಾನ್ ಇಳಿಯುತ್ತದೆ, ಮಗುವಿನ ಆರೈಕೆಯಲ್ಲಿ ಹೆಚ್ಚು ಹೊತ್ತು ಕಳೆಯುವವರಲ್ಲಿ ಇನ್ನಷ್ಟು ಕಡಿಮೆ ಇರುತ್ತದೆ. ಇದು ರೋಗವಲ್ಲ. ತಂದೆಯ ಕೆಲಸಕ್ಕೆ ದೇಹ ತಾನೇ ಸಿದ್ಧವಾಗುವ ರೀತಿ. ಸಂಸ್ಕೃತಿ ಒಂದು ಕಡೆ, ದೇಹ ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಹೋದರೆ ಇಂಥ ಕಡೆ ಗೆರೆ ಅಳಿಸಿಹೋಗುತ್ತದೆ.

ಮುಂಜಿಗೆ ಮೊದಲು

ಗಂಡುಮಗುವಿನ ಆರೋಗ್ಯದ ಬಗ್ಗೆ ಎರಡು ಮಾತನ್ನು ತಾಯಂದಿರು ಮರೆಯಬಾರದು. ಹುಟ್ಟಿದ ಮಗುವಿನ ಚೀಲದಲ್ಲಿ ಎರಡೂ ವೃಷಣ ಇಳಿದಿವೆಯೇ ನೋಡಿಸಿ. ಆರು ತಿಂಗಳಾದರೂ ಇಳಿಯದಿದ್ದರೆ ಕಾಯಬೇಡಿ. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ವೃಷಣಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಹೊಟ್ಟೆಯ ಬಿಸಿಯಲ್ಲೇ ಉಳಿದರೆ ಅದು ಕೆಡುತ್ತದೆ, ದೊಡ್ಡವನಾದ ಮೇಲೆ ಗಡ್ಡೆಯ ಅಪಾಯವೂ ಹೆಚ್ಚು.

ಇನ್ನೊಂದು, ಕೆಲವು ಮಕ್ಕಳಲ್ಲಿ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ, ಮುಂದೊಗಲೂ ಅರ್ಧವೇ ಇರುತ್ತದೆ. ಫರಿಶ್ತೆಗಳೇ ಖತ್ನಾ ಮಾಡಿ ಕಳಿಸಿದ್ದಾರೆ ಎಂದು ಸಂತೋಷಪಡುವ ನಂಬಿಕೆ ಹಲವು ಕಡೆ ಇದೆ. ಅಂಥ ಮಗುವಿಗೆ ಮುಂಜಿ ಮಾಡಿಸಬೇಡಿ. ಆ ರಂಧ್ರವನ್ನು ಸರಿಪಡಿಸಲು ಸರ್ಜನ್ನರಿಗೆ ಅದೇ ಮುಂದೊಗಲು ಬೇಕು. ಹಜಾಮನೋ ವೈದ್ಯರೋ, ಯಾರೇ ಮಾಡುವವರಿರಲಿ, ಮೊದಲು ಮಕ್ಕಳ ವೈದ್ಯರೊಬ್ಬರು ನೋಡಿರಲಿ.

ಹರೆಯದ ನಂತರ ಮಂಗಬಾವು ಬಂದು ವೃಷಣ ಊದಿದರೂ ತಡಮಾಡಬೇಡಿ.

ಈಗ ಆ ಬೇಕರಿಯ ಹುಡುಗನ ವಿಷಯ. ವೃಷಣಕ್ಕೆ ತಂಪು ಬೇಕು ಎಂದೆನಲ್ಲ, ಭಟ್ಟಿ, ವೆಲ್ಡಿಂಗ್, ಲಾರಿಯ ಇಂಜಿನ್ನಿನ ಪಕ್ಕದ ಸೀಟು, ನಮ್ಮವರ ಎಷ್ಟೋ ಕಸುಬುಗಳು ಬಿಸಿಯವೇ. ಜೊತೆಗೆ ಗುಟ್ಕಾ, ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ. ಒಂದು ವರ್ಷ ಕೂಡಿದ್ದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ಹೋಗಿ. ಮೊದಲ ದಿನವೇ ಗಂಡನ ಪರೀಕ್ಷೆ ಆಗಲಿ. 2ರಿಂದ 7 ದಿನ ಸಂಯಮದಲ್ಲಿದ್ದು ಮಾದರಿ ಕೊಡಬೇಕು. ಪ್ರಯೋಗಾಲಯದಲ್ಲಿ ಕೊಡಲು ಸಂಕೋಚವಾದರೆ, ಧರ್ಮದ ದೃಷ್ಟಿಯಿಂದ ಹಿಂಜರಿಕೆ ಇದ್ದರೆ ಮನೆಯಲ್ಲೇ ಪತ್ನಿಯ ನೆರವಿನಿಂದ ಸಂಗ್ರಹಿಸಬಹುದು. ಪ್ರಯೋಗಾಲಯದವರು ಕೊಟ್ಟ ಡಬ್ಬಿಯಲ್ಲೇ ಆಗಬೇಕು, ಅಂಗಡಿಯ ಸಾಮಾನ್ಯ ಕಾಂಡೋಮ್ ಬಳಸಬಾರದು, ಅದರಲ್ಲಿ ವೀರ್ಯಾಣು ಸಾಯುತ್ತವೆ. ಡಬ್ಬಿಯನ್ನು ಮೈಯ ಬಿಸಿಗೆ ಹತ್ತಿರ ಇಟ್ಟುಕೊಂಡು ಒಂದು ತಾಸಿನೊಳಗೆ ತಲುಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ಎಂಬುದು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದಿಲ್ಲವೆಂದಲ್ಲ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು, ಹಾಗಾಗಿ ಹಿಂದಿನ ಜ್ವರವೂ ಇವತ್ತಿನ ವರದಿಯಲ್ಲಿ ಕಾಣುತ್ತದೆ. ಎರಡನೇ ಸಲ ಪರೀಕ್ಷಿಸದೆ ಯಾವ ತೀರ್ಮಾನವೂ ಬೇಡ. ವಿದ್ಯಾನಗರದ ಸರ್ಕಾರಿ ಆಸ್ಪತ್ರೆ, ಜನ ಇನ್ನೂ ಕಿಮ್ಸ್ ಎನ್ನುವುದು, ಹತ್ತಿರವೇ ಇದೆ.

ಅವನು ಮೊದಲು ಒಪ್ಪಲಿಲ್ಲ. ಎರಡು ತಿಂಗಳು ನನ್ನ ಫೋನನ್ನೇ ಎತ್ತಲಿಲ್ಲ. ಆಮೇಲೆ ಒಂದು ಸೋಮವಾರ ತಾನೇ ಹೋಗಿದ್ದಾನೆ, ಡಬ್ಬಿಯನ್ನು ಒಳಅಂಗಿಯ ಜೇಬಿನಲ್ಲಿಟ್ಟುಕೊಂಡು, ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು. ಸಂಖ್ಯೆ 40 ಲಕ್ಷ ಇತ್ತು. ಎಡಗಡೆ ವೃಷಣದ ರಕ್ತನಾಳಗಳು ಉಬ್ಬಿಕೊಂಡಿದ್ದವು, ವೆರಿಕೋಸೀಲ್. ಮಕ್ಕಳಾಗದ ಗಂಡಸರಲ್ಲಿ ಸಾಮಾನ್ಯವಾಗಿ ಸಿಗುವ, ಶಸ್ತ್ರಚಿಕಿತ್ಸೆಯಿಂದ ಎಷ್ಟೋ ಜನರಿಗೆ ಅನುಕೂಲವಾಗುವ ಕಾರಣ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆಗೆ ಬರಲು ಹೇಳಿದ್ದಾರೆ. ಭಟ್ಟಿ ಬಿಟ್ಟು ಈಗ ಕೌಂಟರಿನಲ್ಲಿ ಕೂರುತ್ತಾನೆ, ಸಂಬಳ ಸ್ವಲ್ಪ ಕಡಿಮೆ. ಸೊಸೆಯ ದಪ್ಪ ಫೈಲಿನ ಪಕ್ಕದಲ್ಲಿ ತೆಳ್ಳಗಿನ ಇನ್ನೊಂದು ಫೈಲು ಬಂದಿದೆ. ಅಮ್ಮಿಗೆ ಹೇಳುವುದು ಬೇಡ, ನಾನೇ ಸಹಿಸಿಕೊಳ್ಳುತ್ತೇನೆ ಎಂದು ಅವಳು ಎಷ್ಟೋ ಹೇಳಿದಳಂತೆ. ಆ ರಾತ್ರಿ ಊಟಕ್ಕೆ ಕೂತಾಗ ಅವನೇ ಹೇಳಿದ.